ಕಲಿಗಾಲದಲ್ಲಿ ಎಷ್ಟು ಕಲಿ

ಬೆಳಗ್ಗೆ ಎಂಟೂವರೆಗೆ ಅರಸೀಕೆರೆಯಿಂದ ಹಾಸನಕ್ಕೆ ಹೊರಟ ಬಸ್ಸು. ಕಾಲಿಡಲು ಜಾಗವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ದಾರಿಯಲ್ಲಿ ಹೆಂಗಸರೇ ಹೆಚ್ಚು: ಗಾರ್ಮೆಂಟ್ಸ್‌ಗೆ ಹೋಗುವವರು, ಕಾಲೇಜಿನ ಹುಡುಗಿಯರು, ಆಸ್ಪತ್ರೆಯಲ್ಲಿರುವ ನಾದಿನಿಯನ್ನು ಒಂದು ಸಲ ನೋಡಿಕೊಂಡು ಬರೋಣ ಎಂದು ಹೊರಟವರು. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಹರಿದು ಕೊಡುತ್ತಿದ್ದ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಕಂಬಿ ಹಿಡಿದು ನಿಂತಿದ್ದ ಯಜಮಾನರೊಬ್ಬರು ಯಾರಿಗೂ ಹೇಳದಂತೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು: ‘ಕಲಿಗಾಲ ಕಣಪ್ಪ, ಕಲಿಗಾಲ.’ ಎದುರು ಸೀಟಿನ ಹೆಂಗಸು ತಿರುಗಿ ನೋಡಿ, ‘ಬ್ಯಾಗ್ ಇತ್ಲಾಗ್ ಕೊಡಿ ಯಜಮಾನ್ರೆ, ತೊಡೆ ಮ್ಯಾಲ್ ಇಟ್ಕಂತೀನಿ’ ಅಂದಳು. ಕೊಟ್ಟರು.

ಹಾಸನ ಬರುವವರೆಗೂ ನಾನು ಆ ಪದವನ್ನೇ ಬಾಯಲ್ಲಿ ಹೊರಳಿಸುತ್ತಿದ್ದೆ. ಕಲಿಕಾಲ ಎಂಬುದು ಸಂಸ್ಕೃತದ ಸಮಾಸ. ಯಜಮಾನರು ಅಂದದ್ದು ಕಲಿಗಾಲ. ಕಕಾರ ಹೋಗಿ ಗಕಾರ ಬಂದರೆ ಆದೇಶಸಂಧಿ ಎಂದು ಮೇಷ್ಟರು ಬಾಯಿಪಾಠ ಮಾಡಿಸಿದ್ದು ನೆನಪಿದೆಯಲ್ಲ: ಮಳೆಗಾಲ, ಚಳಿಗಾಲ, ಬರಗಾಲ. ಯುಗದಷ್ಟು ದೊಡ್ಡ ಸಂಗತಿಯನ್ನು ಕನ್ನಡದ ನಾಲಿಗೆ ಒಂದೇ ಅಕ್ಷರ ಮೆದು ಮಾಡಿ, ಮಳೆಗಾಲದ ಪಕ್ಕದಲ್ಲಿ ಕೂರಿಸಿಬಿಟ್ಟಿದೆ. ಮಳೆಗಾಲ ಮುಗಿಯುತ್ತದೆ. ಬರಗಾಲವೂ ಎಂದೋ ಒಂದು ದಿನ ಹೋಗುತ್ತದೆ. ಕಲಿಯುಗ ಹಾಗಲ್ಲ; ಅದರ ಒಟ್ಟು ಅವಧಿ 4,32,000 ವರ್ಷ, ಕಳೆದಿರುವುದು ಐದು ಸಾವಿರ ಚಿಲ್ಲರೆ. ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪದಲ್ಲಿ ‘ಪ್ರಥಮಪಾದೇ’ ಎನ್ನುವುದು ಇದನ್ನೇ. ಕೆಡುವ ಕೆಲಸ ಈಗಷ್ಟೇ ಶುರುವಾಗಿದೆ, ನಾಲ್ಕು ಲಕ್ಷದ ಇಪ್ಪತ್ತಾರು ಸಾವಿರ ವರ್ಷಕ್ಕೂ ಮಿಕ್ಕಿ ಬಾಕಿಯಿದೆ ಎಂದಾಯಿತು.

ನಮ್ಮ ಸಮಾಜ ಹಿಂದಿಗಿಂತ ಸುಧಾರಿಸಿದೆಯೋ ಕೆಟ್ಟಿದೆಯೋ ಎಂಬ ಜಗಳ ಚಾವಡಿಯಲ್ಲೂ ಟಿವಿಯಲ್ಲೂ ಮುಗಿಯುವುದಿಲ್ಲ. ನನಗೇನೋ ಆ ವ್ಯಾಜ್ಯದ ಹಳೆಯ ಕಾಗದಪತ್ರವೆಲ್ಲ ಕಲಿ ಎಂಬ ಈ ಎರಡಕ್ಷರದ ಪದದೊಳಗೇ ಇದೆ ಅನಿಸುತ್ತದೆ. ಬಿಚ್ಚಿ ನೋಡಬಹುದು.

ಬಿಚ್ಚಿದರೆ ಮೊದಲು ಸಿಗುವುದು ಕಾಲವಲ್ಲ, ಒಂದು ಕಾಯಿ. ತ್ರಿಫಲ ಎನ್ನುವಾಗ ಅಳಲೆ, ನೆಲ್ಲಿಯ ಜೊತೆಗೆ ಬರುವ ತಾರೆಕಾಯಿ. ಸಂಸ್ಕೃತದಲ್ಲಿ ವಿಭೀದಕ, ವಿಭೀತಕ. ವೇದಕಾಲದ ಜೂಜಿಗೆ ಇದೇ ದಾಳ. ಈಗಿನ ಪಗಡೆಯ ದಾಳದ ಹಾಗೆ ಮೈಮೇಲೆ ಚುಕ್ಕಿಯಿಲ್ಲ, ಎಣಿಕೆಯೇ ಆಟ. ರಾಶಿಯಿಂದ ಒಂದು ಹಿಡಿ ಬಾಚಿ ನಾಲ್ಕು ನಾಲ್ಕಾಗಿ ವಿಂಗಡಿಸುವುದು. ಏನೂ ಮಿಗದಿದ್ದರೆ ಕೃತ, ಅದು ಗೆಲುವು. ಮೂರು ಮಿಕ್ಕರೆ ತ್ರೇತಾ, ಎರಡು ಮಿಕ್ಕರೆ ದ್ವಾಪರ. ಒಂದೇ ಒಂದು ಮಿಕ್ಕಿತೋ, ಅದು ಕಲಿ, ಆಡಿದವ ಹಾಳಾದ. ವಿದ್ವಾಂಸರು ಹಳೆಯ ಗ್ರಂಥಗಳ ಸುಳಿವು ಹಿಡಿದು ಕಟ್ಟಿಕೊಟ್ಟಿರುವ ಕ್ರಮ ಹೆಚ್ಚುಕಡಿಮೆ ಇದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನೊಬ್ಬ ಗೋಳಾಡುವ ಸೂಕ್ತವಿದೆ. ಒಳ್ಳೆಯ ಹೆಂಡತಿಯನ್ನು ಅವನು ಕಳೆದುಕೊಂಡದ್ದು ಲೆಕ್ಕಕ್ಕಿಂತ ಒಂದು ಹೆಚ್ಚಾಗಿ ಮಿಕ್ಕ ಕಾಯಿಯ ದೆಸೆಯಿಂದ.

ಮೈಸೂರಿನ ಗ್ರಂದಿಗೆ ಅಂಗಡಿಯೊಂದರಲ್ಲಿ ಅರ್ಧ ಕೇಜಿ ತಾರೆಕಾಯಿ ತಂದೆ. ‘ಕೂದಲಿಗಾ, ಕೆಮ್ಮಿಗಾ?’ ಎಂದು ಅಂಗಡಿಯವರು ಕೇಳಿದರು. ಜೂಜಿಗೆ ಎನ್ನಲಾಗಲಿಲ್ಲ. ಅಡಿಕೆಗಿಂತ ತುಸು ದೊಡ್ಡ, ಬೂದಿ ಮೆತ್ತಿದಂಥ ಕಂದು ಬಣ್ಣದ ಕಾಯಿ. ಒಣಗಿದ ಮೇಲೆ ಮೈಯಲ್ಲಿ ಸಣ್ಣ ಏಣುಗಳು ಎದ್ದಿರುತ್ತವೆ. ಚಾಪೆಯ ಮೇಲೆ ಸುರಿದು ಹಿಡಿ ತುಂಬ ಎತ್ತಿದೆ. ಹನ್ನೊಂದು. ತ್ರೇತಾ. ಇನ್ನೊಂದು ಹಿಡಿ, ಒಂಬತ್ತು. ಕಲಿ. ಮೂರನೆಯದು ಹನ್ನೆರಡು. ಯುಗಗಳು ಬೇಕಾದ ಹಾಗೆ ಹಿಂದೆ ಮುಂದೆ ಓಡಾಡುತ್ತಿದ್ದವು.

ಆ ಕಾಲದಲ್ಲಿ ಯುಗಗಳ ಹೆಸರು ನಿಜಕ್ಕೂ ಹೀಗೇ ಇದ್ದವು, ಯಾರ ಕೈಗೆ ಯಾವುದು ಬೇಕಾದರೂ ಬರಬಹುದಾದ ಎಣಿಕೆಗಳಾಗಿ. ಐತರೇಯ ಬ್ರಾಹ್ಮಣದಲ್ಲಿ ಇಂದ್ರ ಅಲೆಮಾರಿ ರೋಹಿತನಿಗೆ ಹೇಳುವ ಮಾತಿನಲ್ಲಿ ಮಲಗಿರುವವನು ಕಲಿ, ಮೈಮುರಿದು ಏಳುತ್ತಿರುವವನು ದ್ವಾಪರ, ಎದ್ದು ನಿಂತವನು ತ್ರೇತಾ, ನಡೆಯುವವನು ಕೃತ. ಮಲಗಿದವನು ಏಳಬಹುದು, ಬಾಗಿಲಿಗೆ ಯಾರೂ ಬೀಗ ಹಾಕಿಲ್ಲ. ಮಹಾಭಾರತದಲ್ಲೂ ಈ ವಾಸನೆ ಉಳಿದಿದೆ. ಕಾಲ ರಾಜನನ್ನು ಮಾಡುತ್ತದೋ, ರಾಜ ಕಾಲವನ್ನು ಮಾಡುತ್ತಾನೋ ಎಂಬ ಪ್ರಶ್ನೆಗೆ ಅಲ್ಲಿಯ ಉತ್ತರ ಖಚಿತ: ರಾಜನೇ ಕಾಲಕ್ಕೆ ಕಾರಣ. ಅವನು ನೆಟ್ಟಗಿದ್ದರೆ ಕೃತಯುಗ, ಕೆಟ್ಟರೆ ಕಲಿಯುಗ. ಈ ಲೆಕ್ಕದಲ್ಲಿ ಐದು ವರ್ಷಕ್ಕೊಮ್ಮೆ ಯುಗ ಬದಲಾಯಿಸಲು ನಮಗೆ ಅವಕಾಶವಿದೆ, ಅದಿರಲಿ.

ನಳನ ಕಥೆ ಬಲ್ಲವರಿಗೆ ಇನ್ನೊಂದು ಸ್ವಾರಸ್ಯ ಹೊಳೆಯುತ್ತದೆ. ಕಲಿ ನಳನ ಮೈಹೊಕ್ಕು ಜೂಜಾಡಿಸಿ ಕಾಡಿಗಟ್ಟಿದ. ಕೊನೆಗೆ ಋತುಪರ್ಣ ರಾಜ ದಾರಿಬದಿಯ ಮರವೊಂದರ ಎಲೆ ಹಣ್ಣುಗಳನ್ನು ಕಣ್ಣಳತೆಯಲ್ಲೇ ಎಣಿಸಿ ತೋರಿಸಿ, ನಳನಿಗೆ ಅಕ್ಷವಿದ್ಯೆ ಕೊಟ್ಟ. ಆಗ ಕಲಿ ಹೊರಬಿದ್ದು ಅಡಗಿಕೊಂಡದ್ದು ಅದೇ ಮರದಲ್ಲಿ, ಅಂದರೆ ತಾರೆಮರದಲ್ಲಿ. ಕಾಯಿಯಿಂದ ಬಂದವನು ಕಾಯಿಗೇ ಹೋದ. ನಮ್ಮ ಕನಕದಾಸರಿಗೂ ನಳಚರಿತ್ರೆ ಬರೆಯುವಷ್ಟು ಈ ಕಥೆ ಹಿಡಿಸಿತ್ತು.

ಕಾಯಿಯ ಎಣಿಕೆ ಕಾಲದ ಎಣಿಕೆಯಾದದ್ದು ಪುರಾಣಕಾರರ, ಜ್ಯೋತಿಷಿಗಳ ಕೈಯಲ್ಲಿ. ನಾಲ್ಕು, ಮೂರು, ಎರಡು, ಒಂದು ಎಂಬ ಆ ಇಳಿಕೆ ಹಾಗೇ ಉಳಿಯಿತು: ಕೃತಕ್ಕೆ 17,28,000 ವರ್ಷ, ತ್ರೇತಾಕ್ಕೆ 12,96,000, ದ್ವಾಪರಕ್ಕೆ 8,64,000, ಕಲಿಗೆ ಅದರರ್ಧ. ಧರ್ಮವೆಂಬ ಎತ್ತು ಮೊದಲು ನಾಲ್ಕು ಕಾಲ ಮೇಲೆ ನಿಂತಿತ್ತು, ಈಗ ಒಂಟಿ ಕಾಲಲ್ಲಿ ಕುಂಟುತ್ತಿದೆ. ಕಲಿ ಶುರುವಾದದ್ದು ಕ್ರಿ.ಪೂ. 3102ರಲ್ಲಿ ಎಂದು ಗಣಿತ ನಿಂತಿತು. ಕಲಿಯ 3,600 ವರ್ಷ ಕಳೆದಾಗ ತನಗೆ 23 ತುಂಬಿತ್ತು ಎಂದು ಆರ್ಯಭಟ ಹೇಳಿಕೊಂಡದ್ದರಿಂದಲೇ ಅವನು ಹುಟ್ಟಿದ್ದು 476ರಲ್ಲಿ ಎಂದು ನಮಗೆ ಗೊತ್ತು.

ಈ ಲೆಕ್ಕ ಕಲ್ಲಿನ ಮೇಲೆ ಬಿದ್ದ ಮೊದಮೊದಲ ಜಾಗ ನಮ್ಮಲ್ಲೇ ಇದೆ. ಐಹೊಳೆಯ ಮೇಗುಟಿ ಗುಡ್ಡದ ಜಿನಾಲಯದಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಭಾರತಯುದ್ಧವಾಗಿ 3,735 ವರ್ಷ, ಶಕ 556, ಅಂದರೆ ಕ್ರಿ.ಶ. 634. ಕಲಿಕಾಲ ಎಂದು ಅಲ್ಲಿ ಹೆಸರು ಹಿಡಿದೇ ಹೇಳಿದೆ. ಆದರೆ ಗೋಳಿಲ್ಲ. ಹರ್ಷನನ್ನು ಗೆದ್ದ ದೊರೆಯನ್ನು ಹೊಗಳುತ್ತ, ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ಕೂರಿಸಿಕೊಳ್ಳುತ್ತಿರುವ ಕವಿಗೆ ಕಾಲ ಕೆಟ್ಟಿದೆ ಎನ್ನಲು ಪುರುಸೊತ್ತೆಲ್ಲಿ? ಅವನಿಗೆ ಕಲಿ ಬರೀ ತಾರೀಖು.

ಐಹೊಳೆಯಿಂದ ಬಾದಾಮಿ ದೂರವಿಲ್ಲ. ಅಲ್ಲಿಯ ಅಗಸ್ತ್ಯತೀರ್ಥದ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು, ಕನ್ನಡದ ಮೊದಲ ತ್ರಿಪದಿಗಳು ಸಿಗುವುದು ಅದರಲ್ಲೇ. ಆ ವೀರನಿಗೆ ಅಲ್ಲೊಂದು ವಿಶೇಷಣ ಸಂದಿದೆ: ಕಲಿಯುಗವಿಪರೀತ. ಕಲಿಯುಗಕ್ಕೆ ತದ್ವಿರುದ್ಧನಾದವನು, ಈ ಕಾಲಕ್ಕೆ ಹೊಂದದಷ್ಟು ಒಳ್ಳೆಯವನು. ಈಗ ನಾವು ‘ಈ ಕಾಲದಲ್ಲೂ ಇಂಥವರು ಇದ್ದಾರಲ್ಲ!’ ಎನ್ನುತ್ತೇವಲ್ಲ, ಅದೇ ಉದ್ಗಾರ 1,300 ವರ್ಷದ ಹಿಂದೆಯೇ ಬಂಡೆಗಲ್ಲಿನಲ್ಲಿ. ಹಿಂದಿನವರು ಒಳ್ಳೆಯವರಿದ್ದರು ಎನ್ನುವವರು ಆ ಬಂಡೆಯ ಮುಂದೆ ಒಮ್ಮೆ ನಿಂತು ಬರಬೇಕು. ಆ ಹಿಂದಿನವರಿಗೂ ಅವರದು ಕೆಟ್ಟ ಕಾಲವೇ ಆಗಿತ್ತು.

ಅದೇ ಸಾಲಿನಲ್ಲಿ ಕಲಿಯುಗ ಎಂಬುದಕ್ಕೆ ಮೊದಲು ಬರಿಯ ಕಲಿ ಎಂಬ ಪದವೂ ಇದೆ, ಬಾಧಿಸುವ ಕಲಿ ಎಂಬರ್ಥದಲ್ಲಿ. ಅದು ಯುಗದ ಪುರುಷನೇ, ಮೇಲೆ ಬೀಳುವ ಎದುರಾಳಿ ಶೂರನೇ? ಎರಡಕ್ಕೂ ಜಾಗವಿದೆ. ಏಕೆಂದರೆ ಸಂಸ್ಕೃತದ ಕಲಿ ಇಲ್ಲಿಗೆ ಬರುವ ಹೊತ್ತಿಗೆ ಕನ್ನಡದ ಮನೆಯಲ್ಲಿ ಅದೇ ಹೆಸರಿನ ಇನ್ನಿಬ್ಬರು ಆಗಲೇ ವಾಸವಾಗಿದ್ದರು. ಒಬ್ಬ ಕಲಿ ಎಂದರೆ ಶೂರ: ಕಡುಗಲಿ, ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮ, ಮಡಿವಾಳ ಮಾಚಿದೇವನ ಅಂಕಿತವಾದ ಕಲಿದೇವರದೇವ. ಇನ್ನೊಂದು ಕ್ರಿಯಾಪದ: ಕಲಿ, ಕಲಿಸು, ಕಲಿಕೆ. ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 1990ರ ದಶಕದಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ-ಕಲಿ’ಯ ಕಲಿ. ಮೂವರಿಗೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಒಂದೇ ಸೂರಿನಡಿ ಸಾವಿರದ ಮುನ್ನೂರು ವರ್ಷ ಇದ್ದ ಮೇಲೆ ಒಬ್ಬರ ಮಾತಿನ ಧಾಟಿ ಇನ್ನೊಬ್ಬರಿಗೆ ಅಂಟದೆ ಇರುತ್ತದೆಯೇ?

ಇತ್ತ ಪುರಾಣಗಳಲ್ಲಿ ಕಲಿಯ ದೂರುಪಟ್ಟಿ ಬೆಳೆಯುತ್ತಿತ್ತು. ವಿಷ್ಣುಪುರಾಣ, ಭಾಗವತದ ಹನ್ನೆರಡನೆಯ ಸ್ಕಂಧ, ಇನ್ನೂ ಹಲವು. ದುಡ್ಡಿದ್ದವನೇ ಕುಲೀನ. ದೊರೆಗಳೇ ಕಳ್ಳರು. ಮಳೆ ಬಾರದು, ತೆರಿಗೆ ನಿಲ್ಲದು. ಇಷ್ಟು ಓದುವಾಗ ಯಾರಾದರೂ ಹೌದೌದು ಎಂದು ತಲೆದೂಗುತ್ತಾರೆ. ಮುಂದಿನ ಬಾಬತ್ತಿಗೆ ಬಂದಾಗ ತೂಗುವ ತಲೆ ಯಾರದು ಎಂದು ನೋಡಬೇಕಾಗುತ್ತದೆ. ಹೆಂಗಸರು ಗಂಡಂದಿರ ಮಾತು ಕೇಳುವುದಿಲ್ಲ. ವರ್ಣಗಳು ಬೆರೆಯುತ್ತವೆ. ಶೂದ್ರರು ಎತ್ತರದ ಪೀಠವೇರಿ ಧರ್ಮ ಹೇಳುತ್ತಾರೆ. ಇತಿಹಾಸಕಾರ ಆರ್.ಎಸ್. ಶರ್ಮಾ ಈ ಗೋಳನ್ನು ಭವಿಷ್ಯವಾಣಿ ಎಂದು ಓದದೆ, ಕ್ರಿ.ಶ. ಮೂರು-ನಾಲ್ಕನೆಯ ಶತಮಾನದಲ್ಲಿ ನಿಜವಾಗಿ ನಡೆದ ಸಾಮಾಜಿಕ ಬಿಕ್ಕಟ್ಟಿನ ವರದಿ ಎಂದು ಓದಿದರು. ಕೆಳಗಿದ್ದವರು ಕರ ಕೊಡಲೊಲ್ಲೆ, ಊಳಿಗ ಮಾಡಲೊಲ್ಲೆ ಎಂದಾಗ ಮೇಲಿದ್ದವರಿಗೆ ಕಂಡ ಲೋಕ ಅದು. ಕಪ್ಪು ಕನ್ನಡಕ ತೆಗೆದಿಟ್ಟು ಅದೇ ಪಟ್ಟಿಯನ್ನು ಓದಿದರೆ ಅರ್ಧ ಭಾಗ ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯದ ಹಾಗೆ ಕಾಣುತ್ತದೆ.

ಹಾಗೆಂದು ಪುರಾಣಗಳೆಲ್ಲ ಒಂದೇ ರಾಗ ಹಾಡಿವೆ ಎನ್ನುವಂತಿಲ್ಲ. ವಿಷ್ಣುಪುರಾಣದಲ್ಲೇ ಒಂದು ತಮಾಷೆಯ ಪ್ರಸಂಗವಿದೆ. ಋಷಿಗಳು ಧರ್ಮಸಂದೇಹ ಹೊತ್ತು ವ್ಯಾಸರ ಬಳಿ ಬಂದರೆ, ವ್ಯಾಸರು ಗಂಗೆಯಲ್ಲಿ ಮುಳುಗು ಹಾಕುತ್ತಿದ್ದಾರೆ. ಒಮ್ಮೆ ಎದ್ದು ಕಲಿ ಒಳ್ಳೆಯದು ಎಂದರು, ಮತ್ತೆ ಮುಳುಗಿ ಎದ್ದು ಶೂದ್ರರು ಧನ್ಯರು ಎಂದರು, ಮೂರನೆಯ ಮುಳುಗಿಗೆ ಹೆಂಗಸರು ಧನ್ಯರು ಎಂದರು. ಋಷಿಗಳು ಕಕ್ಕಾಬಿಕ್ಕಿ. ದಡಕ್ಕೆ ಬಂದ ವ್ಯಾಸರ ವಿವರಣೆ ಇದು: ಕೃತಯುಗದಲ್ಲಿ ಹತ್ತು ವರ್ಷದ ತಪಸ್ಸಿಗೆ ಸಿಗುತ್ತಿದ್ದ ಫಲ ತ್ರೇತಾದಲ್ಲಿ ಒಂದು ವರ್ಷಕ್ಕೆ, ದ್ವಾಪರದಲ್ಲಿ ಒಂದು ತಿಂಗಳಿಗೆ, ಕಲಿಯಲ್ಲಿ ಒಂದೇ ದಿನಕ್ಕೆ ದಕ್ಕುತ್ತದೆ. ಉಳಿದಿಬ್ಬರು ಧನ್ಯರಾದದ್ದು ಮಾತ್ರ ಸೇವೆ ಮಾಡಿಯೇ ಸದ್ಗತಿ ಪಡೆಯುತ್ತಾರೆಂಬ ಕಾರಣಕ್ಕೆ. ಆ ಹೊಗಳಿಕೆಯನ್ನು ಉಪ್ಪು ಹಾಕಿಕೊಂಡೇ ತಿನ್ನಬೇಕು. ಆದರೂ ಕಲಿ ಎಂದರೆ ಅಗ್ಗದ ಕಾಲ, ಎಲ್ಲರ ಕೈಗೆಟಕುವ ಕಾಲ ಎಂಬ ಎಳೆ ಇಲ್ಲಿಂದ ಹೊರಟು ದಾಸರ ತಂಬೂರಿಯವರೆಗೆ ಬಂತು. ಸತ್ಯವಂತರಿಗೆ ಇದು ಕಾಲವಲ್ಲ ಎಂದು ಮರುಗಿದ ಪುರಂದರದಾಸರೇ, ಕಲಿಯುಗದಲ್ಲಿ ಹೆಸರೊಂದನ್ನು ನೆನೆದರೂ ಸಾಕು, ಕುಲಕೋಟಿ ಉದ್ಧಾರ ಎಂದೂ ಹಾಡಿದರು. ಬೈಗುಳ ಹೀಗೆ ಬಿರುದಾಯಿತು: ಮಂತ್ರಾಲಯದ ರಾಯರು ಕಲಿಯುಗದ ಕಾಮಧೇನು, ತಿರುಮಲೆ ಕಲಿಯುಗದ ವೈಕುಂಠ, ಕೇಳಿದವರಿಗೆ ಇಲ್ಲವೆನ್ನದ ನಮ್ಮ ಅಂಬರೀಶ್ ಕಲಿಯುಗದ ಕರ್ಣ.

ಪದದ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವ ಅಧ್ಯಾಯ ಕೋರ್ಟಿನ ಕಡೆಯದು. ಧರ್ಮಶಾಸ್ತ್ರಕಾರರಿಗೆ ಒಂದು ಪೇಚು ಇತ್ತು. ವೇದ, ಸ್ಮೃತಿ ಬದಲಾಗುವಂತಿಲ್ಲ. ಜನರ ನಡೆ ಬದಲಾಗಿಹೋಗಿದೆ. ಹಳೆಯ ಗ್ರಂಥದಲ್ಲಿ ಗೋಬಲಿ ಉಂಟು, ನಿಯೋಗ ಉಂಟು, ಹಿರಿಮಗನಿಗೆ ಆಸ್ತಿಯಲ್ಲಿ ಹೆಚ್ಚಿನ ಪಾಲು ಉಂಟು. ತಪ್ಪೆಂದರೆ ಶಾಸ್ತ್ರಕ್ಕೆ ಅಪಚಾರ, ಸರಿಯೆಂದರೆ ಊರು ಒಪ್ಪದು. ಆಗ ಅವರು ಕಂಡುಕೊಂಡ ಉಪಾಯ ಕಲಿವರ್ಜ್ಯ: ಅವೆಲ್ಲ ಸರಿಯೇ, ಆದರೆ ಕಲಿಯುಗದ ದುರ್ಬಲರಿಗೆ ಸಲ್ಲವು. ಪಿ.ವಿ. ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದಲ್ಲಿ ಇಂಥ 55 ಬಾಬತ್ತು ಪಟ್ಟಿ ಮಾಡಿದ್ದಾರೆ. ಅಂದರೆ ಸಮಾಜ ಒಂದು ಹೆಜ್ಜೆ ಮುಂದೆ ಇಟ್ಟಾಗಲೂ ರಿಜಿಸ್ಟರಿನಲ್ಲಿ ‘ಕೆಟ್ಟಿದ್ದೇವೆ, ಆದ್ದರಿಂದ ಬಿಡುತ್ತಿದ್ದೇವೆ’ ಎಂದೇ ನಮೂದಾಯಿತು. ಆದರೆ ಅದೇ ಪಟ್ಟಿಯಲ್ಲಿ ಸಮುದ್ರ ದಾಟಿದವರನ್ನು ಮತ್ತೆ ಸೇರಿಸಿಕೊಳ್ಳಬಾರದು, ಅಂತರ್ವರ್ಣ ವಿವಾಹ ಕೂಡದು, ವಿಧವೆಗೆ ಮರುಮದುವೆ ಕೂಡದು ಎಂಬುವೂ ಬಂದು ಕೂತವು. ಕಸ ಗುಡಿಸುವವರು ಕಿಟಕಿಗೂ ಮೊಳೆ ಹೊಡೆದಂತೆ.

1855ರಲ್ಲಿ ಕಲ್ಕತ್ತೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಆ ಮೊಳೆಗೆ ಕೈಹಾಕಿದರು. ಅವರ ಆಯುಧ ಪರಾಶರ ಸ್ಮೃತಿ. ಕಲಿಯುಗದ ಧರ್ಮವೇನು ಎಂದು ಋಷಿಗಳು ಕೇಳುವುದರಿಂದಲೇ ಶುರುವಾಗುವ ಪುಸ್ತಕ ಅದು. ಗಂಡ ಕಾಣೆಯಾದರೆ, ಸತ್ತರೆ, ಸನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ ಹೆಂಡತಿ ಬೇರೊಬ್ಬನನ್ನು ಮದುವೆಯಾಗಬಹುದು ಎಂದು ಅದರಲ್ಲಿದೆ. ವಿದ್ಯಾಸಾಗರರಿಗೆ ಅಡ್ಡ ನಿಂತವರಲ್ಲಿ ಒಬ್ಬರು ತೀರಿಕೊಂಡು ಆಗಲೇ ಸುಮಾರು ಐದು ಶತಮಾನ ಕಳೆದಿತ್ತು, ಅವರು ನಮ್ಮ ಕಡೆಯವರು: ವಿಜಯನಗರದ ಬುಕ್ಕರಾಯನ ಮಂತ್ರಿ, ಪರಂಪರೆ ವಿದ್ಯಾರಣ್ಯರೆಂದು ಗುರುತಿಸುವ ಮಾಧವಾಚಾರ್ಯರು. ಪರಾಶರ ಸ್ಮೃತಿಗೆ ದೇಶದಲ್ಲೇ ಹೆಸರಾದ ವ್ಯಾಖ್ಯಾನ ಅವರದು, ‘ಪರಾಶರ ಮಾಧವೀಯ’. ಮರುಮದುವೆಯ ಆ ಮಾತು ಬೇರೆ ಯುಗಕ್ಕೆ ಸೇರಿದ್ದು ಎಂದು ಅವರು ಬರೆದಿಟ್ಟಿದ್ದರು. ಕಲಿಗೆಂದೇ ಬರೆದ ಪುಸ್ತಕದಲ್ಲಿ ಕಲಿಗೆ ಸಲ್ಲದ ಮಾತು ಏಕೆ ಬಂತು ಎಂಬುದು ವಿದ್ಯಾಸಾಗರರ ಪಾಟೀಸವಾಲು. ತುಂಗಭದ್ರೆಯ ದಡದ ಒಂದು ಟಿಪ್ಪಣಿಗೆ ಹೂಗ್ಲಿಯ ದಡದಲ್ಲಿ ಜವಾಬು. ಸರ್ಕಾರಕ್ಕೆ ಸಲ್ಲಿಸಿದ ಅರ್ಜಿಗಳಲ್ಲಿ ಸಹಿ ಹೆಚ್ಚು ಬಿದ್ದದ್ದು ವಿರೋಧದವಕ್ಕೇ. ಆದರೂ 1856ರಲ್ಲಿ ಕಾಯಿದೆಯಾಯಿತು. ಒಬ್ಬ ವಿಧವೆ ಮತ್ತೆ ಹಸೆಗೆ ಕೂರಬಹುದೋ ಇಲ್ಲವೋ ಎಂಬುದು ಕಲಿ ಎಂಬ ಪದವನ್ನು ಯಾವ ಕಡೆಯಿಂದ ಹಿಡಿದೆಯೋ ಅದರ ಮೇಲೆ ನಿಂತಿತ್ತು.

ಕಾಯಿದೆ ಬಂದರೂ ಕಲ್ಕತ್ತೆಯ ಬೀದಿಗಳಲ್ಲಿ ಘೋರ ಕಲಿ ಎಂಬ ಗೊಣಗಾಟ ನಿಲ್ಲಲಿಲ್ಲ. ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ತಾಯಿಯನ್ನು ಹಗ್ಗ ಕಟ್ಟಿ ಎಳೆಯುವ ಮಗನ ಅಗ್ಗದ ಚಿತ್ರಗಳು ಮಾರಾಟವಾದವು. ಹತ್ತು ಗಂಟೆಯ ಹಾಜರಿಗೆ ಓಡಿ, ದೊರೆಯ ಬೈಗುಳ ತಿಂದು ಬರುವ ಗುಮಾಸ್ತನ ಸಿಟ್ಟು ಅದರಲ್ಲಿ ಎಷ್ಟಿತ್ತೆಂದು ಇತಿಹಾಸಕಾರ ಸುಮಿತ್ ಸರ್ಕಾರ್ ಬರೆದಿದ್ದಾರೆ. ಕಚೇರಿಯಲ್ಲಿ ಸೋತವನು ಮನೆಯ ಹೆಂಗಸರ ಮೇಲೆ ಯುಗದ ತಪ್ಪು ಹೊರಿಸಿದ.

ಅಂದರೆ ಕಾಲ ಕೆಟ್ಟೇ ಇಲ್ಲವೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. 1951ರಲ್ಲಿ ಈ ದೇಶದ ನೂರು ಹೆಂಗಸರಲ್ಲಿ ಒಂಬತ್ತು ಜನಕ್ಕೂ ಓದು ಬರಹ ಬರುತ್ತಿರಲಿಲ್ಲ. 2011ರ ಗಣತಿಗೆ ಅದು ಅರವತ್ತೈದರ ಆಸುಪಾಸಿಗೆ ಬಂತು. ಅದೇ ಗಣತಿಯ ಇನ್ನೊಂದು ಕಾಲಂ ನೋಡಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1961ರಲ್ಲಿ 976 ಹೆಣ್ಣುಮಕ್ಕಳಿದ್ದರು. 2001ಕ್ಕೆ 927. 2011ಕ್ಕೆ 919. ಅಕ್ಷರ ಏರಿದಂತೆಲ್ಲ ಹೆಣ್ಣುಕೂಸು ಇಳಿಯಿತು. ಭ್ರೂಣದ ಲಿಂಗ ಪತ್ತೆಯನ್ನು ತಡೆಯಲು 1994ರಲ್ಲೇ ಕಾನೂನು ಬಂದಿದೆ, ಸ್ಕ್ಯಾನಿಂಗ್ ಸೆಂಟರಿನ ಗೋಡೆಗಳ ಮೇಲೆ ಬೋರ್ಡೂ ಇದೆ. ಪುರಾಣದ ದೂರುಪಟ್ಟಿಯಲ್ಲಿ ಹೆಂಗಸು ಮಾತಾಡುವುದು ಕಲಿಯ ಲಕ್ಷಣ. ಹುಟ್ಟುವ ಮೊದಲೇ ಅವಳನ್ನು ಎಣಿಸಿ ತೆಗೆಯುವ ಈ ಯಂತ್ರ ಅದನ್ನು ಬರೆದವರ ಕಲ್ಪನೆಗೂ ಎಟುಕಿರಲಿಲ್ಲ. ಬಸ್ಸಿನ ಯಜಮಾನರು ಈ ಅಂಕಿಗೆ ‘ಕಲಿಗಾಲ’ ಎಂದಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

ಮೂರು ಕಲಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದವನು ಅಲ್ಲಮ. ನಾಲ್ಕು ಯುಗದ ಗುರುಗಳ ಆ ವಚನ ಎಲ್ಲರಿಗೂ ಗೊತ್ತಿರುವುದೇ. ಗುರು ಶಿಷ್ಯನಿಗೆ ಬುದ್ಧಿ ಕಲಿಸುತ್ತಾನೆ: ಕೃತದಲ್ಲಿ ಬಡಿದು, ತ್ರೇತಾದಲ್ಲಿ ಬೈದು, ದ್ವಾಪರದಲ್ಲಿ ಝಂಕಿಸಿ, ಕಲಿಯುಗದಲ್ಲಿ ವಂದಿಸಿ. ನಾಲ್ಕಕ್ಕೂ ಅಲ್ಲಮನದು ಒಂದೇ ಉತ್ತರ, ಆಗಲಿ, ಮಹಾಪ್ರಸಾದ. ಕೊನೆಗೆ ಅವನು ಬೆರಗಾಗುವುದು ಕಾಲದ ಕಟ್ಟಳೆಯ ಕಲಿತನಕ್ಕೆ. ಯುಗದ ಕಲಿ, ಕಲಿಸುವ ಕಲಿ, ಕಲಿತನದ ಕಲಿ, ಮೂರೂ ಬಂದವು. ಮೆಟ್ಟಿಲು ಇಳಿಯುವುದೋ ಏರುವುದೋ ಎಂಬುದು ಗುರುವಿನ ಕೈಯಿಂದ ನೋಡಿದರೆ ಒಂದು, ಶಿಷ್ಯನ ಬೆನ್ನಿನಿಂದ ನೋಡಿದರೆ ಇನ್ನೊಂದು. ಬಡಿಯುವ ಯುಗವನ್ನು ಪುರಾಣಗಳು ಚಿನ್ನದ್ದು ಎಂದಿದ್ದವು. ಬೆನ್ನಿನ ಕಡೆಯವರನ್ನು ಅವು ಕೇಳಿರಲಿಲ್ಲ.

ಈ ವಚನವನ್ನು ನನಗೆ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡಿದ ಕನ್ನಡ ಪಂಡಿತರ ಕೈಯಲ್ಲಿ ಹುಣಸೆ ಬರಲಿತ್ತು. ಬಾಯಿಪಾಠ ಒಪ್ಪಿಸುವಾಗ ಕೃತ ದಾಟಿದೆ, ತ್ರೇತಾ ದಾಟಿದೆ, ದ್ವಾಪರದಲ್ಲಿ ನಿಂತುಬಿಟ್ಟೆ. ಗುರು ಏನು ಮಾಡುತ್ತಾನೆ ಎಂಬುದೇ ಮರೆತುಹೋಯಿತು. ಅಂಗೈ ಮೇಲೆ ಎರಡು ಬಿತ್ತು. ಬೆಂಚಿಗೆ ಬಂದು ಕೂತು ಊದಿಕೊಳ್ಳುವಾಗ ನಾವಿರುವುದು ಕೃತಯುಗದಲ್ಲಿ ಎಂದು ಹೊಳೆಯುವಷ್ಟು ಬುದ್ಧಿ ಆಗ ಇರಲಿಲ್ಲ. ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹೊಡೆಯಕೂಡದು ಎಂದದ್ದು 2009ರಲ್ಲಿ, ನಾನು ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ.

ಹೋದ ವರ್ಷ ಊರಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದೆ, ಕಣ್ಣು ಮಂಜು, ದನಿ ಮಾತ್ರ ಹಾಗೇ ಇದೆ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗ ಅಂದರು, ‘ಈಗ ಮೇಷ್ಟ್ರೇ ಹುಡುಗ್ರಿಗೆ ಕೈಮುಗೀಬೇಕಪ್ಪ, ದಯವಿಟ್ಟು ಓದ್ರೋ ಅಂತ. ಕಲಿಗಾಲ.’

‘ಅದು ನಾಲ್ಕನೇ ಸಾಲು ಸಾರ್’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೋಟ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, ‘ದ್ವಾಪರದಲ್ಲಿ ಏನು ಮಾಡ್ತಾನೆ, ಹೇಳು’ ಅಂದರು.

‘ಝಂಕಿಸ್ತಾನೆ ಸಾರ್.’

‘ಅಬ್ಬ’ ಅಂದರು, ‘ಈಗ ಬಂತು.’